ಮುಟ್ತು ಅನ್ನಬೇಕು

ತಂತಿಗಳು ಸತ್ತ ಮೇಲೆ ಇಂಟರ್ನೆಟ್ಟು ಮನೆಯಿಂದ ಮನೆಗೆ ಬಾಯಲ್ಲೇ ಹರಿಯುತ್ತಿತ್ತು. ಧಾರವಾಡದ ಈ ಓಣಿಯ ನೆಟ್‌ವರ್ಕ್ ಜೋಡಿಸುವುದು ಶಿವಲೀಲಾಳ ಪರೀಕ್ಷೆ. ಸಂದೇಶ ಓಣಿಯ ತುದಿ ಮುಟ್ಟಿದರೆ ಲೈಸೆನ್ಸು. ಇದ್ದ ದಾರಿ ಒಂದೇ, ಚನ್ನವ್ವನ ಮನೆಯಿಂದ ಪಾರವ್ವನ ಮನೆಗೆ. ಕೇಳಿ ಒಯ್ದ ರೊಟ್ಟಿಹಂಚು ಒಡೆದ ವಿಷಯಕ್ಕೆ ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ನಿಯಮ ಸರಳ. ಕೇಳಿಸಿಕೊಂಡವರು ‘ಮುಟ್ತು’ ಅನ್ನಬೇಕು. ಅದು ಕಿವಿಗೆ ಬೀಳುವವರೆಗೆ ಹೇಳಿದವರು ಹೇಳಿದ್ದನ್ನೇ ಹೇಳುತ್ತಿರಬೇಕು.

“ನಾಳೆ ನಳದಾಗ ನೀರು ಬರಂಗಿಲ್ಲ,” ಎಂದು ಚನ್ನವ್ವ ನಡುಗೋಡೆಗೆ ಹೇಳಿದಳು. ಆಚೆ ಪಾರವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಇದ್ದಳು. ಚನ್ನವ್ವ ಮತ್ತೆ ಹೇಳಿದಳು. ಮತ್ತೂ ಹೇಳಿದಳು. ಅವಳ ಪಕ್ಕ ನಿಂತಿದ್ದ ಶಿವಲೀಲಾ ಉಗುರು ಕಡಿಯತೊಡಗಿದಳು.

“ಮುಟ್ತು ಬಿಡವಾ. ನಾ ಏನ್ ಕಿವುಡಿ ಅಲ್ಲ,” ಅಂದಳು ಪಾರವ್ವ ಕೊನೆಗೆ, ಮತ್ತು ಸಂದೇಶವನ್ನು ಮುಂದಿನ ಮನೆಗೆ ಕೂಗಿದಳು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ, ಸಂದೇಶ ಮುಟ್ಟಿದ್ದಕ್ಕೆ, ಗಂಟೆ ಬಾರಿಸಿದರು. ಶಿವಲೀಲಾ ಪಾಸು.

“ಆತು ಚಿಗವ್ವ, ಇನ್ನ ಸಾಕು,” ಎಂದು ಅವಳು ಚನ್ನವ್ವನಿಗೆ ಹೇಳಿದಳು.

“ಅಕಿ ಅಂದದ್ದು ನನಗ ಕೇಳ್ಸಲೇ ಇಲ್ಲ ತಂಗಿ,” ಎಂದು ಚನ್ನವ್ವ ಮಣೆ ಎಳೆದುಕೊಂಡು ಗೋಡೆಗೆ ಒರಗಿ ಕೂತಳು. “ನಾಳೆ ನಳದಾಗ ನೀರು ಬರಂಗಿಲ್ಲ.”

ನಿಯಮ ಅವಳ ಕಡೆಗೇ ಇತ್ತು. ಈ ಸಲ ಪಾರವ್ವನ ‘ಮುಟ್ತು’ ಗೋಡೆಯ ತೀರ ಹತ್ತಿರದಿಂದ ಬಂತು.