ಹುಣಸೆಮರಕ್ಕೆ ಜಾಮೀನು

"ಮೂರು ವರ್ಷಾತು, ಒಂದು ಕಾಯಿ ಬುಡ್ನಿಲ್ಲ. ಕಡ್ದಾಕ್ಲಾ?"

ಚಿಕ್ಕಬಸಪ್ಪ ಹುಣಸೆಮರದ ಮುಂದೆ ಕೊಡಲಿ ಎತ್ತಿ ನಿಂತ. ಉತ್ತರ ಬರಲಿಲ್ಲ. ಉತ್ತರ ಕೊಡಬೇಕಾಗಿದ್ದ ಪಕ್ಕದ ಮನೆಯ ಬೆಟ್ಟಸ್ವಾಮಿ ಮರದ ಹಿಂದೆ ಬಂದು ನಿಂತಿದ್ದಾನೆ ಎಂದೇ ಅವನು ನಂಬಿದ್ದ. ಬಗ್ಗಿ ನೋಡಿದರೆ ಯಾರೂ ಇಲ್ಲ. ನರಸೀಪುರಕ್ಕೆ ಹೋದವನು ಇನ್ನೂ ಬಸ್ಸಿಳಿದಿರಲಿಲ್ಲ.

ಕಾಯಿ ಬಿಡದ ಮರವನ್ನು ಹೀಗೆ ಹೆದರಿಸುವುದು ಆ ಊರಿನ ವಾಡಿಕೆ. ಒಬ್ಬ ಕೊಡಲಿ ಎತ್ತಿ ಮೂರು ಸಲ ಕೇಳಬೇಕು. ಬೇರೆ ಮನೆಯವನೊಬ್ಬ ಬೇಡವೆಂದು ತಡೆದು ಮರಕ್ಕೆ ಜಾಮೀನು ನಿಲ್ಲಬೇಕು. ಮೂರನೆಯ ಸಲಕ್ಕೂ ಯಾರೂ ಬಾಯಿ ಬಿಡದಿದ್ದರೆ ಕಡಿಯಲೇಬೇಕು. ಎತ್ತಿದ ಕೊಡಲಿಯನ್ನು ಸುಮ್ಮನೆ ಇಳಿಸುವಂತಿಲ್ಲ.

ಸಾರಿಗೆಂದು ಹುಣಸೆ ಚಿಗುರು ಕೀಳುತ್ತಿದ್ದ ಹೆಂಡತಿ ಪುಟ್ಟಗೌರಮ್ಮ ಕೇಳಿದಳು, "ನಾನೇ ಯೋಳ್ಬುಡ್ಲಾ?"

"ಒಂದೇ ಒಲೆಯೋರು ಯೋಳುದ್ರೆ ನಡಿಯಾಕಿಲ್ಲ ಕಣಮ್ಮಿ."

"ಅಂಗಾದ್ರೆ ಮೆಲ್ಗೆ ಇಳ್ಸಿ. ಯಾರು ನೋಡಾರು?"

"ಅವ್ನು ನೋಡ್ತಾವ್ನೆ."

ಅವನೆಂದರೆ ಬದುವಿನಾಚೆ ಉಳುತ್ತಿದ್ದ ಅಣ್ಣ ಪುಟ್ಟಬಸವಯ್ಯ. ೧೯೯೧ರಲ್ಲಿ ಹೊಲ ಪಾಲಾದಾಗ ಮರ ತಮ್ಮನ ಕಡೆ ಬಂತು, ಅದರ ನೆರಳು ಅಣ್ಣನ ರಾಗಿಯ ಮೇಲೆ ಬಿತ್ತು. ಕಡಿ ಎಂದು ಅಣ್ಣ, ಸತ್ತರೂ ಕಡಿಯುವುದಿಲ್ಲ ಎಂದು ತಮ್ಮ. ಇಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ಈಗ ಕಡಿದರೆ ಅಣ್ಣ ಕೇಳಿದ್ದನ್ನೇ ತನ್ನ ಕೈಯಾರೆ ಮಾಡಿಕೊಟ್ಟಂತೆ.

"ಕಡ್ದಾಕ್ಲಾ?" ಎರಡನೆಯ ಸಲ ದನಿ ಅರ್ಧಕ್ಕಿಳಿದಿತ್ತು. ಆಚೆ ಎತ್ತುಗಳು ನಿಂತವು.

ಬಸ್ಸಿನ ಸದ್ದಿಗಾಗಿ ಚಿಕ್ಕಬಸಪ್ಪ ಆದಷ್ಟು ಹೊತ್ತು ಕಾದ. ಕೊಡಲಿ ಭಾರವಾಗತೊಡಗಿತು. ಕಣ್ಣು ಮುಚ್ಚಿಕೊಂಡು ಮೂರನೆಯ ಸಲ ಕೇಳಿದ, "ಕಡ್ದಾಕ್ಲಾ?"

"ಬುಡ್ಲಾ, ಕಡೀಬ್ಯಾಡ."

ಪುಟ್ಟಬಸವಯ್ಯ ಬದುವಿನ ಮೇಲೆ ನಿಂತಿದ್ದ. ತಮ್ಮನ ಮುಖ ನೋಡಲಿಲ್ಲ, ಮರವನ್ನು ನೋಡುತ್ತಲೇ ಹೇಳಿದ. "ಮುಂದಿನ ವರ್ಷ ಕಾಯಿ ಬುಡ್ತದೆ. ನಾನು ಜಾಮೀನು."

ಕೊಡಲಿ ತಾನಾಗಿ ಕೆಳಗಿಳಿಯಿತು. ತೋಳು ನೀವಿಕೊಳ್ಳುತ್ತಾ ಚಿಕ್ಕಬಸಪ್ಪ ಕೇಳಿದ, "ನಿನ್ ರಾಗಿಗೆ ನೆಳ್ಳಾಯ್ತದಲ್ಲಣ್ಣ?"

"ಆದ್ರಾಗ್ಲಿ. ಕೂತ್ಕಂಡು ಉಣ್ಣಾಕೊಂದು ಜಾಗ ಬ್ಯಾಡ್ವಾ?"

"ಮುಂದಿನ ವರ್ಷವೂ ಬುಡ್ನಿಲ್ಲ ಅಂದ್ರೆ?"

ಪುಟ್ಟಬಸವಯ್ಯ ಎತ್ತುಗಳ ಕಡೆ ತಿರುಗಿದ.

"ಜಾಮೀನು ನಿಂತೋನ ಮನೆಗೆ ಬಂದು ಕೇಳು. ದಾರಿ ಮರ್ತಿಲ್ಲ ತಾನೆ?"