ಲೋಟಕ್ಕೆ ಬಿದ್ದ ಗೋಲಿ

“ನಾಚಿಕೆ ಆಗಲ್ವಾ ನಿಂಗೆ?” ಎಂದು ಕೌನ್ಸೆಲರ್ ಮೇಡಂ ಬಾಯಿ ತೆರೆದದ್ದೇ ತಡ, ಸ್ಟೀಲ್ ಲೋಟಕ್ಕೆ ಟಣ್ ಎಂದು ಗೋಲಿ ಬಿತ್ತು.

ವ್ಯಸನಮುಕ್ತಿ ಕೇಂದ್ರದ ಸಿಬ್ಬಂದಿಗೆ ಅಂದು ತರಬೇತಿ. ಕುಡಿಯುವವರ ಜೊತೆ ಮಾತಾಡುವುದು ಹೇಗೆಂದು ಕಲಿಸಲು ಬಂದವನ ನಿಯಮ ಒಂದೇ: ಬುದ್ಧಿ ಹೇಳಕೂಡದು, ಕೇಳಬೇಕು, ಕೇಳಿಸಿಕೊಂಡದ್ದು ಅವರಿಗೆ ಗೊತ್ತಾಗುವಂತೆ ಮಾತಾಡಬೇಕು. ತಪ್ಪಿದರೆ ಲೋಟಕ್ಕೊಂದು ಗೋಲಿ. ಮೇಡಂಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ಇಲ್ಲಿ ಗಂಟಲು ಹರಿದುಕೊಂಡವಳಿಗೆ, ಒಂದು ದಿನವೂ ವಾರ್ಡಿನ ವಾಂತಿ ಮೂಸದ ಈ ಇಸ್ತ್ರಿ ಅಂಗಿಯವನು ಪಾಠ ಹೇಳುವುದೇ? ಸಾಲದ್ದಕ್ಕೆ, ನರ್ಸ್ ರಜೆ ಹಾಕಿದ್ದಾಳೆಂದು ಕುಡುಕನ ಪಾತ್ರಕ್ಕೆ ನೆಲ ಒರೆಸುವ ಆಯಮ್ಮನನ್ನು ತಂದು ಎದುರಿಗೆ ಕೂರಿಸಿದ್ದ.

ಆಯಮ್ಮ ತೂರಾಡಿ ನಗಿಸುತ್ತಾಳೆ ಎಂದುಕೊಂಡಿದ್ದರು ಎಲ್ಲರೂ. ಆಕೆ ಒದ್ದೆ ಕೈ ಒರೆಸಿಕೊಂಡು ನೆಟ್ಟಗೆ ಕೂತಳು.

“ರಾತ್ರಿಪಾಳಿ ಮುಗ್ಸಿ ಬಂದ್ರೆ ನಿದ್ದೆ ಹತ್ತಲ್ಲ ಮೇಡಂ. ಮಷೀನ್ ಸದ್ದು ತಲೆಯೊಳಗೇ ಇರುತ್ತೆ.”

“ನಿದ್ದೆ ಬರ್ದಿರೋರೆಲ್ಲ ಕುಡೀತಾರಾ? ಹೆಂಡ್ತಿ ಮುಖ ನೋಡಾದ್ರೂ ಬಿಡು.”

ಟಣ್.

“ಅವಳ ಮುಖ ನೋಡೋಕಾಗ್ದೇನೇ ಇನ್ನೊಂದು ಗ್ಲಾಸ್ ಹಾಕ್ತೀನಿ.”

ಹಿಂದೆ ಯಾರೋ ಕಿಸಕ್ಕೆಂದರು. ಮೇಡಂ ಹಲ್ಲು ಕಚ್ಚಿದಳು. “ಹಾಕು. ಲಿವರ್ ಹೋದ್ಮೇಲೆ ಬುದ್ಧಿ ಬರುತ್ತೆ.”

ಟಣ್.

“ಹೋಗಿದೆ. ಹೊಟ್ಟೇಲಿ ನೀರು ತುಂಬಿದೆ.” ಆಯಮ್ಮನ ಧ್ವನಿ ಏರಲಿಲ್ಲ, ಗಟ್ಟಿಯಾಯಿತು. “ಎರಡು ತಿಂಗ್ಳ ಹಿಂದೆ ಬಂದಿದ್ದೆ ನಿಮ್ಮತ್ರ. ಕೂತು ಐದು ನಿಮಿಷ ಆಗಿರ್ಲಿಲ್ಲ, ‘ನಿನ್ನಂಥೋರ್ನ ದಿನಾ ನೋಡ್ತೀನಿ’ ಅಂದ್ರಿ. ಬಾಗ್ಲಲ್ಲಿ ಬಿಟ್ಟ ಚಪ್ಲೀನೂ ಹಾಕ್ಕೊಳ್ದೆ ಎದ್ದೋದೆ. ಹೆಂಡ್ತಿ ಈಗ ಎಷ್ಟು ಗೋಗರೆದ್ರೂ ಈ ಕಡೆ ತಲೆ ಹಾಕಲ್ಲ.”

ಮೇಡಂಗೆ ಆ ಚಪ್ಪಲಿ ನೆನಪಾಯಿತು. ಎಡಗಾಲಿನದಕ್ಕೆ ಉಂಗುಟದ ಹತ್ತಿರ ದಪ್ಪ ದಾರದ ಹೊಲಿಗೆ. ವಾರವಿಡೀ ಬಾಗಿಲಲ್ಲಿ ಬಿದ್ದಿದ್ದವು. ಯಾವನೋ ಕುಡುಕನದು, ಬಿಸಾಕು ಎಂದು ಹೇಳಿದ್ದಳು. ಹೇಳಿದ್ದು ಇದೇ ಆಯಮ್ಮನಿಗೆ.

“ನಿನ್ನ ಗಂಡ ಅಂತ ಅವತ್ತೇ ಹೇಳೋಕೆ ಏನು...” ಎಂದು ಶುರುಮಾಡಿದಳು. ತರಬೇತುದಾರನ ಬೆರಳು ಇನ್ನೊಂದು ಗೋಲಿ ಎತ್ತಿದ್ದು ಕಂಡಿತು. ಅದಕ್ಕಲ್ಲ, ಎದುರಿನ ಕಣ್ಣುಗಳಿಗೆ ಹೆದರಿ ಮಾತು ನುಂಗಿಕೊಂಡಳು.

“ಅವ್ರ ಚಪ್ಲಿ ನಿಮ್ಮ ಕೈಲೇ ಬಿಸಾಕಿಸ್ದೆ,” ಎಂದಳು ಕೊನೆಗೆ. “ಅಷ್ಟು ಸಿಟ್ಟಿಟ್ಕೊಂಡು ದಿನಾ ನನ್ನ ರೂಮು ಒರೆಸ್ತಿದ್ದೀರ.”

ಗೋಲಿ ಅವನ ಬೆರಳಲ್ಲೇ ಉಳಿಯಿತು.

ಆಯಮ್ಮ ಎದ್ದು ಬಕೆಟ್ಟು, ಒರೆಸುವ ಬಟ್ಟೆ ಎತ್ತಿಕೊಂಡಳು. ಬಾಗಿಲ ಬಳಿ ಹೋಗಿ ತಿರುಗಿದಳು.

“ಸೋಮವಾರ ಹೆಂಗಾದ್ರೂ ಮಾಡಿ ಕರ್ಕೊಂಡ್ ಬರ್ತೀನಿ. ಆ ಲೋಟ ನಿಮ್ಮ ಮೇಜಿನ ಮೇಲೇ ಇರ್ಲಿ ಮೇಡಂ. ಗೋಲಿ ನಾನು ಹಾಕ್ತೀನಿ.”