ದುಃಖಕ್ಕೆ ಆರಿಸಿದ ಮನೆ

ಯಾರ ಮನೆಯಲ್ಲಿ ಸಾವು ಹತ್ತಿರವಿದೆ ಎಂಬುದು ಈಗ ಸಂಶೋಧನಾ ಕೇಂದ್ರಕ್ಕೆ ಮೊದಲೇ ಗೊತ್ತಾಗುತ್ತದೆ. ದುಃಖದ ಅಧ್ಯಯನಕ್ಕೆ ಜನರನ್ನು ಆರಿಸುವುದು ಆ ಪಟ್ಟಿಯಿಂದಲೇ. ಹುಬ್ಬಳ್ಳಿಯ ನೀಲಗಂಗಾಳ ಮನೆಗೆ ಬಂದ ಆಯ್ಕೆ ಅಧಿಕಾರಿ, ಅವಳು ಕೊಟ್ಟ ಉಪ್ಪಿಟ್ಟು ತಿನ್ನುತ್ತಲೇ ಕೇಳಿದ: "ಇವತ್ತು ಹತ್ತು ಅಂಕದಾಗ ಎಷ್ಟು ಖುಷಿ ಅದೀರಿ?"

ಹೊರಗೆ ಓಣಿಯಲ್ಲಿ ಗಂಡ ಮಗಳಿಗೆ ಸೈಕಲ್ ಕಲಿಸುತ್ತಿದ್ದ.

"ಇಬ್ಬರಾಗ ಯಾರ್ರೀ?" ಎಂದಳು ನೀಲಗಂಗಾ.

"ಹೇಳಂಗಿಲ್ರಿ. ಹೇಳಿದ್ರ ಅಳತಿ ಕೆಡತೈತಿ."

"ಗೊತ್ತಿದ್ದೂ ಉಳಸಂಗಿಲ್ಲೇನು?"

"ಅದು ಬ್ಯಾರೆ ಇಲಾಖೆ. ನೀವು ಒಲ್ಲೆ ಅಂದ್ರ ಬಿಡ್ರಿ, ಇದ ಓಣ್ಯಾಗ ಇನ್ನೂ ಮೂರು ಮನಿ ಅದಾವು. ಸ್ವಲ್ಪ ಚಟ್ನಿ ಹಾಕ್ರಿ."

ನೀಲಗಂಗಾ ಅವನ ತಟ್ಟೆ ಕಸಿದು ಗಟಾರಕ್ಕೆ ಸುರಿದಳು. ಆಮೇಲೆ ಓಡಿಹೋಗಿ ಇಬ್ಬರ ಕೈಯನ್ನೂ ಹಿಡಿದುಕೊಂಡಳು. ಯಾವುದನ್ನು ಹೆಚ್ಚು ಬಿಗಿಯಾಗಿ ಹಿಡಿಯಬೇಕೆಂದು ಅವಳಿಗೆ ತಿಳಿಯಲಿಲ್ಲ.